ದಕ್ಷಿಣೆಯಿಂದ ವಿದ್ಯಾರ್ಥಿವೇತನದವರೆಗೆ: ಪುಣೆಯಲ್ಲಿ ಸರ್ಕಾರದ ನೆರವಿಗೆ ಅರ್ಹವೆನಿಸಿದ ವಿದ್ಯೆಗಳು ಮತ್ತು ಕನ್ನಡದ ಸ್ಥಾನ

1

ವಿದ್ಯೆಗೆ ಪ್ರಭುತ್ವ ಹಣ ಕೊಡುವಾಗ ಎರಡು ಪ್ರಶ್ನೆಗಳನ್ನು ಮೊದಲೇ ತೀರ್ಮಾನಿಸಿಕೊಂಡಿರುತ್ತದೆ. ಓದಲು ಯಾರು ಯೋಗ್ಯರು ಎಂಬುದು ಒಂದು. ಯಾವುದನ್ನು ಓದಿದರೆ ಅದು ವಿದ್ಯೆ ಎನಿಸಿಕೊಳ್ಳುತ್ತದೆ ಎಂಬುದು ಇನ್ನೊಂದು. ಶಿಕ್ಷಣದ ಇತಿಹಾಸವನ್ನು ಬರೆದವರು ಮೊದಲನೆಯ ಪ್ರಶ್ನೆಯನ್ನು ಸಾಕಷ್ಟು ಚರ್ಚಿಸಿದ್ದಾರೆ. ಎರಡನೆಯದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ವಿದ್ಯಾರ್ಥಿವೇತನದ ನಿಯಮಾವಳಿ, ಅರ್ಹ ವಿಷಯಗಳ ಯಾದಿ, ಪರೀಕ್ಷೆಯ ಐಚ್ಛಿಕ ಭಾಷೆಗಳ ಪಟ್ಟಿ ಇವು ಕಚೇರಿಯ ಕಾಗದಗಳೆಂದು ತೋರುವುದರಿಂದ ಸಾಹಿತ್ಯದ ಇತಿಹಾಸಕಾರರು ಅವುಗಳತ್ತ ಹೊರಳಿ ನೋಡುವುದು ಕಡಿಮೆ. ಆದರೆ ಯಾವ ಭಾಷೆಯಲ್ಲಿ ಶಾಸ್ತ್ರಗದ್ಯ ಬೆಳೆಯಿತು, ಯಾವ ಭಾಷೆಯಲ್ಲಿ ಅದು ತಡವಾಯಿತು ಎಂಬುದಕ್ಕೆ ಕಾರಣಗಳನ್ನು ಹುಡುಕುವವರು ಈ ಪಟ್ಟಿಗಳನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಇಂತಹ ಅಧ್ಯಯನಕ್ಕೆ ಪುಣೆ ನಗರ ಒದಗಿಸುವಷ್ಟು ಸಾಮಗ್ರಿಯನ್ನು ದಕ್ಷಿಣ ಭಾರತದ ಬೇರೆ ನಗರಗಳು ಒದಗಿಸುವುದು ವಿರಳ. ಪೇಶ್ವೆಗಳ ದಕ್ಷಿಣೆ, ಕಂಪನಿ ಸರ್ಕಾರದ ಸಂಸ್ಕೃತ ಪಾಠಶಾಲೆ, ದಕ್ಷಿಣಾ ಬಹುಮಾನ ಸಮಿತಿ, ದಕ್ಷಿಣಾ ಫೆಲೋಷಿಪ್, ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿವೇತನ ಎಂಬ ಐದು ಮಜಲುಗಳು ಒಂದೇ ಊರಿನಲ್ಲಿ ಒಂದರ ಹಿಂದೊಂದು ನಡೆದವು. ಮೊದಲ ನಾಲ್ಕಕ್ಕೆ ಮೂಲಧನವೂ ಒಂದೇ. ಈ ಎಲ್ಲ ಮಜಲುಗಳಲ್ಲಿಯೂ ಕನ್ನಡಿಗರಿಗೆ ಪುಣೆಯ ಬಾಗಿಲು ತೆರೆದಿತ್ತು. ಕನ್ನಡಕ್ಕೆ ಮಾತ್ರ ತೆರೆದಿರಲಿಲ್ಲ. ಈ ವ್ಯತ್ಯಾಸ ಹೇಗೆ ಉಂಟಾಯಿತು, ಅದರ ಪರಿಣಾಮವೇನು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

2

ಶ್ರಾವಣ ಮಾಸದಲ್ಲಿ ಬ್ರಾಹ್ಮಣರಿಗೆ ದಕ್ಷಿಣೆ ಹಂಚುವ ಪದ್ಧತಿ ಮೊದಲು ತಳೇಗಾವಿನ ದಾಭಾಡೆ ಸೇನಾಪತಿಗಳ ಮನೆತನದ್ದು. 1731ರ ಡಭೋಯಿ ಯುದ್ಧದಲ್ಲಿ ತ್ರಿಂಬಕರಾವ್ ದಾಭಾಡೆ ಮಡಿದ ತರುವಾಯ ಒಂದನೆಯ ಬಾಜೀರಾಯ ಆ ಪದ್ಧತಿಯನ್ನು ಪುಣೆಗೆ ತಂದನು. ಪರ್ವತಿ ಬೆಟ್ಟದ ಬಳಿಯ ರಮಣಾ ಎಂಬ ಆವರಣದಲ್ಲಿ ವಿತರಣೆ ನಡೆಯುತ್ತಿತ್ತು. ಮಹಾರಾಷ್ಟ್ರದವರಷ್ಟೇ ಅಲ್ಲದೆ ಕರ್ನಾಟಕ, ತೆಲಂಗಾಣ, ದ್ರಾವಿಡ ದೇಶ ಮತ್ತು ಕಾಶಿಯ ಕಡೆಯ ಬ್ರಾಹ್ಮಣರೂ ಅಲ್ಲಿಗೆ ಬರುತ್ತಿದ್ದರು. ಪೇಶ್ವೆಗಳ ರಾಜ್ಯದಲ್ಲಿ ಕೃಷ್ಣೆಯ ದಕ್ಷಿಣದ ಕನ್ನಡ ಸೀಮೆಯ ಭಾಗಗಳೂ ಸೇರಿದ್ದುದರಿಂದ ಕನ್ನಡದ ವೈದಿಕರಿಗೆ ಪುಣೆ ಪರದೇಶವೇನೂ ಆಗಿರಲಿಲ್ಲ.

ದಕ್ಷಿಣೆಯನ್ನು ಬರಿಯ ದಾನವೆಂದು ಭಾವಿಸುವುದು ಪೂರ್ತಿ ಸರಿಯಲ್ಲ. ಅದರಲ್ಲಿ ಎರಡು ಸ್ತರಗಳಿದ್ದವು. ಸಾಮಾನ್ಯ ಭಿಕ್ಷುಕ ಬ್ರಾಹ್ಮಣರಿಗೆ ಸಿಗುತ್ತಿದ್ದುದು ಅಲ್ಪ ಮೊತ್ತ. ಶಾಸ್ತ್ರಾಧ್ಯಯನ ಮಾಡಿದವರನ್ನು ಪಂಡಿತರು ಪರೀಕ್ಷಿಸಿ, ಅವರ ಯೋಗ್ಯತೆಯನ್ನು ನಿರ್ಣಯಿಸಿ, ತಕ್ಕ ಹೆಚ್ಚಿನ ದಕ್ಷಿಣೆಯನ್ನು ಗೊತ್ತುಪಡಿಸುತ್ತಿದ್ದರು. ಅಂದರೆ ಇಲ್ಲಿ ಪರೀಕ್ಷೆ, ಶ್ರೇಣಿ, ಶ್ರೇಣಿಗೆ ತಕ್ಕ ಹಣ ಎಂಬ ಮೂರು ಅಂಶಗಳೂ ಕೂಡಿಬಂದಿದ್ದವು. ಮುಂದಿನ ಕಾಲದ ವಿದ್ಯಾರ್ಥಿವೇತನದ ಹಂದರವನ್ನು ಇದರಲ್ಲಿ ಗುರುತಿಸಬಹುದು.

ಈ ವ್ಯವಸ್ಥೆಯ ಅರ್ಹತೆಗೆ ಆಧಾರವಾಗಿದ್ದುದು ಜನ್ಮ ಮತ್ತು ವಿಷಯ. ಬ್ರಾಹ್ಮಣನಾಗಿ ಹುಟ್ಟಿರಬೇಕು, ವೇದ ಅಥವಾ ಸಂಸ್ಕೃತದ ಶಾಸ್ತ್ರಗಳಲ್ಲಿ ಪರಿಶ್ರಮವಿರಬೇಕು. ಅಭ್ಯರ್ಥಿಯ ಮನೆಮಾತು ಯಾವುದೆಂಬ ಪ್ರಶ್ನೆ ಇಲ್ಲಿ ಏಳುವಂತೆಯೇ ಇರಲಿಲ್ಲ. ವ್ಯಾಕರಣವನ್ನೋ ನ್ಯಾಯವನ್ನೋ ಬಲ್ಲ ಕನ್ನಡದ ಶಾಸ್ತ್ರಿಯೂ ಮರಾಠಿಯ ಶಾಸ್ತ್ರಿಯೂ ಪರೀಕ್ಷಕರ ಮುಂದೆ ಸಮಾನರು. ಕನ್ನಡ ಕಾವ್ಯವನ್ನು ಬಲ್ಲವನಿಗೂ ಮರಾಠಿಯ ಓವಿಗಳನ್ನು ಬಲ್ಲವನಿಗೂ ಆ ಬಲ್ಮೆಗಾಗಿ ಏನೂ ದೊರೆಯುತ್ತಿರಲಿಲ್ಲ. ಎರಡು ದೇಶಭಾಷೆಗಳೂ ಆಗ ಸಮಾನವಾಗಿ ಹೊರಗೆ ನಿಂತಿದ್ದವು. ಮುಂದಿನ ಬದಲಾವಣೆಯನ್ನು ಅಳೆಯಲು ಈ ಸಮಾನತೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕಾಗಿದೆ.

3

1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡಾಗ ದಖ್ಖನಿನ ಕಮಿಷನರ್ ಆಗಿದ್ದ ಮೌಂಟ್‌ಸ್ಟೂಅರ್ಟ್ ಎಲ್ಫಿನ್‌ಸ್ಟನ್ ದಕ್ಷಿಣೆಯನ್ನು ಒಮ್ಮೆಲೇ ನಿಲ್ಲಿಸಲಿಲ್ಲ. ರಾಜ್ಯ ಕಳೆದುಕೊಂಡ ಪುಣೆಯ ಬ್ರಾಹ್ಮಣ ಸಮಾಜವನ್ನು ಕೆರಳಿಸುವುದು ಅವನಿಗೆ ಬೇಕಿರಲಿಲ್ಲ. ಎರಡನೆಯ ಬಾಜೀರಾಯನ ಕಾಲದಲ್ಲಿ ಲಕ್ಷಗಳನ್ನು ಮುಟ್ಟಿದ್ದ ವೆಚ್ಚವನ್ನು ಸುಮಾರು 50,000 ರೂಪಾಯಿಗೆ ಇಳಿಸಿ, ಉಳಿದ ಹಣವನ್ನು ಉಪಯುಕ್ತವೆನಿಸುವ ವಿದ್ಯೆಗಳ ಕಡೆಗೆ ಕ್ರಮವಾಗಿ ತಿರುಗಿಸುವುದು ಅವನ ಆಲೋಚನೆಯಾಗಿತ್ತು. ಧಾರ್ಮಿಕ ವಿದ್ಯೆಗಿಂತ ನ್ಯಾಯವಿಧಿ, ಗಣಿತ ಮೊದಲಾದವುಗಳಲ್ಲಿ ಪ್ರಾವೀಣ್ಯ ತೋರಿದವರಿಗೆ ಪ್ರಾಶಸ್ತ್ಯ ದೊರೆಯಬೇಕೆಂದು ಅವನು ಬಯಸಿದನು. ದಾನದ ಭಾಷೆಯೊಳಗೆ ‘ಉಪಯೋಗ’ ಎಂಬ ಮಾತು ಪ್ರವೇಶಿಸಿದ್ದು ಇಲ್ಲಿಂದ.

ಎಲ್ಫಿನ್‌ಸ್ಟನ್ ಮುಂಬಯಿಯ ಗವರ್ನರನಾದ ಮೇಲೆ ದಖ್ಖನಿನ ಕಮಿಷನರ್ ಆಗಿ ಬಂದ ವಿಲಿಯಂ ಚಾಪ್ಲಿನ್ 1821ರ ಅಕ್ಟೋಬರಿನಲ್ಲಿ ಪುಣೆಯ ವಿಶ್ರಾಮಬಾಗ್ ವಾಡೆಯಲ್ಲಿ ಸಂಸ್ಕೃತ ಪಾಠಶಾಲೆಯನ್ನು ಸ್ಥಾಪಿಸಿದನು. ರಾಘವಾಚಾರ್ಯರು ಅದರ ಮುಖ್ಯ ಶಾಸ್ತ್ರಿಗಳಾದರು. ನೂರು ವಿದ್ಯಾರ್ಥಿಗಳು, ಹತ್ತು ತರಗತಿಗಳು. ವಿದ್ಯಾರ್ಥಿಗಳಿಗೆ ಸರ್ಕಾರದ ಹಣದಿಂದ ಮಾಸಿಕ ವೇತನ. ಹತ್ತು ತರಗತಿಗಳನ್ನು ಹಂಚಿದ ಕ್ರಮ ಹೀಗಿತ್ತು: ವೇದಾದಿ ಧಾರ್ಮಿಕ ವಿದ್ಯೆಗೆ ಮೂರು; ವೈದ್ಯಕ, ವೇದಾಂತ, ಧರ್ಮಶಾಸ್ತ್ರ, ನ್ಯಾಯ, ಗಣಿತ ಸಹಿತವಾದ ಜ್ಯೋತಿಷ, ಅಲಂಕಾರ ಸಹಿತವಾದ ಸಾಹಿತ್ಯ ಮತ್ತು ವ್ಯಾಕರಣ ಇವಕ್ಕೆ ಒಂದೊಂದು.

ಬ್ರಿಟಿಷ್ ಆಡಳಿತದ ಪುಣೆಯಲ್ಲಿ ಸರ್ಕಾರದ ನೆರವಿಗೆ ಅರ್ಹವಾದ ಅಧ್ಯಯನಕ್ರಮಗಳ ಮೊದಲ ಪಟ್ಟಿಯೆಂದು ಇದನ್ನು ಪರಿಗಣಿಸಬಹುದು. ಪಟ್ಟಿಯಲ್ಲಿ ಇರುವುದಕ್ಕಿಂತ ಇಲ್ಲದಿರುವುದು ಹೆಚ್ಚು ಅರ್ಥಪೂರ್ಣವಾಗಿದೆ. ಯಾವ ದೇಶಭಾಷೆಯೂ ಇದರಲ್ಲಿಲ್ಲ. ರಾಜ್ಯದ ಲೆಕ್ಕಪತ್ರಗಳನ್ನೆಲ್ಲ ನಡೆಸಿಕೊಂಡು ಬಂದ ಮೋಡಿ ಬರಹವಾಗಲಿ, ಕುಲಕರ್ಣಿ ಶಾನುಭೋಗರ ಲೆಕ್ಕದ ವಿದ್ಯೆಯಾಗಲಿ ಇದರಲ್ಲಿಲ್ಲ. ‘ಉಪಯೋಗ’ವನ್ನು ಹೇಳುತ್ತಿದ್ದ ಸರ್ಕಾರ ಜನರ ನಿತ್ಯದ ಉಪಯೋಗದ ವಿದ್ಯೆಗಳನ್ನು ಹಣಕ್ಕೆ ಅರ್ಹವೆಂದು ಎಣಿಸಲಿಲ್ಲ.

ಪಟ್ಟಿ ಬಹುಕಾಲ ಹಾಗೆಯೇ ಉಳಿಯಲಿಲ್ಲ. 1830ರ ದಶಕದಲ್ಲಿ ಪಾಠಶಾಲೆಯನ್ನು ಮುಚ್ಚಬೇಕೆಂಬ ಸೂಚನೆ ಬಂದು, 1837ರಲ್ಲಿ ಅದನ್ನು ಪುನರ್‌ವ್ಯವಸ್ಥೆಗೊಳಿಸಲಾಯಿತು. ಹಳೆಯ ವಿಷಯಗಳಲ್ಲಿ ಕೆಲವನ್ನು ಕೈಬಿಟ್ಟು ದೇಶಭಾಷೆಗೆ ಎಡೆ ಮಾಡಿಕೊಡಲಾಯಿತು. ಮರಾಠಿ ಕೋಶಕಾರ್ಯದಲ್ಲಿ ಹೆಸರಾದ ಥಾಮಸ್ ಕ್ಯಾಂಡಿ ಮೇಲ್ವಿಚಾರಕನಾಗಿ ಬಂದನು. ಸುಮಾರು ಅದೇ ವೇಳೆಗೆ ದಕ್ಷಿಣೆಗೆ ಹೊಸಬರನ್ನು ಸೇರಿಸುವುದನ್ನು ನಿಲ್ಲಿಸಿ, ಹಳಬರಿಗೆ ಮಾತ್ರ ಜೀವಿತಾವಧಿಯವರೆಗೆ ಕೊಡಬೇಕೆಂದು ನಿರ್ಣಯವಾಯಿತು. ಹಳೆಯ ಶಾಸ್ತ್ರಿಗಳು ಕಾಲವಶರಾದಂತೆಲ್ಲ ಹಣ ಉಳಿಯುತ್ತ ಬಂದಿತು. ಉಳಿದ ಹಣ ಯಾವ ವಿದ್ಯೆಗೆ ಸಲ್ಲಬೇಕು ಎಂಬುದೇ ಮುಂದಿನ ವಿವಾದದ ಕೇಂದ್ರ.

4

ಈ ವಿವಾದ 1849ರಲ್ಲಿ ಬಹಿರಂಗಕ್ಕೆ ಬಂದಿತು. ‘ಲೋಕಹಿತವಾದಿ’ ಎಂಬ ಹೆಸರಿನಿಂದ ಪ್ರಸಿದ್ಧರಾದ ಗೋಪಾಳ ಹರಿ ದೇಶಮುಖ ಮತ್ತು ಹೊಸ ವಿದ್ಯೆ ಕಲಿತ ತರುಣರು ದಕ್ಷಿಣಾ ನಿಧಿಯ ಒಂದು ಭಾಗವನ್ನು ಮರಾಠಿಯಲ್ಲಿ ಉತ್ತಮ ಗ್ರಂಥಗಳನ್ನು ಬರೆದವರಿಗೆ, ಜಾತಿಭೇದವಿಲ್ಲದೆ, ಬಹುಮಾನವಾಗಿ ಕೊಡಬೇಕೆಂದು ಸರ್ಕಾರಕ್ಕೆ ಅರ್ಜಿ ಸಲ್ಲಿಸಿದರು. ಸಂಪ್ರದಾಯಸ್ಥರು ಇದನ್ನು ಧರ್ಮದತ್ತಿಯ ಅಪಹಾರವೆಂದು ಭಾವಿಸಿ ಉಗ್ರವಾಗಿ ವಿರೋಧಿಸಿದರು. ಅರ್ಜಿದಾರರ ರಕ್ಷಣೆಗಾಗಿ ಜೋತಿರಾವ್ ಫುಲೆಯವರು ಹಿಂದುಳಿದ ಜಾತಿಗಳ ನೂರಾರು ಜನರನ್ನು ಕೂಡಿಸಿಕೊಂಡು ಬಂದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಇದು ಒಂದು ನಿಧಿಯ ಬಳಕೆಯನ್ನು ಕುರಿತ ಜಗಳವಾಗಿದ್ದರೂ, ವಿದ್ಯೆ ಯಾರ ಸ್ವತ್ತು ಎಂಬ ಪ್ರಶ್ನೆ ಅದರ ಒಳಗಿತ್ತು.

ಸರ್ಕಾರ ಅರ್ಜಿಯನ್ನು ಮನ್ನಿಸಿತು. 1851ರಲ್ಲಿ ದಕ್ಷಿಣಾ ಬಹುಮಾನ ಸಮಿತಿ ಕಾರ್ಯಾರಂಭ ಮಾಡಿತು. ಅದೇ ವರ್ಷ ಸಂಸ್ಕೃತ ಪಾಠಶಾಲೆಯನ್ನೂ ಸರ್ಕಾರಿ ಇಂಗ್ಲಿಷ್ ಶಾಲೆಯನ್ನೂ ಒಂದುಗೂಡಿಸಿ ಪೂನಾ ಕಾಲೇಜನ್ನು ರಚಿಸಲಾಯಿತು. ಫುಲೆ ದಂಪತಿಗಳು ಮತ್ತು ಅವರ ಸಂಗಡಿಗರು ನಡೆಸುತ್ತಿದ್ದ ಹೆಣ್ಣುಮಕ್ಕಳ ಶಾಲೆಗಳಿಗೂ ದಕ್ಷಿಣಾ ನಿಧಿಯಿಂದ ಮಾಸಿಕ ನೆರವು ಮಂಜೂರಾಯಿತು. 1852ರ ನವೆಂಬರಿನಲ್ಲಿ ಫುಲೆಯವರಿಗೆ ಸರ್ಕಾರದ ಪರವಾಗಿ ಸನ್ಮಾನ ನಡೆದದ್ದು ಸಂಸ್ಕೃತ ಪಾಠಶಾಲೆಯ ನೆಲೆಯಾಗಿದ್ದ ಆ ವಿಶ್ರಾಮಬಾಗ್ ವಾಡೆಯಲ್ಲಿಯೇ. ರಮಣಾದ ಆವರಣದಲ್ಲಿ ಬ್ರಾಹ್ಮಣ ಪುರುಷರಿಗೆ ಮಾತ್ರ ಸಲ್ಲುತ್ತಿದ್ದ ಹಣ ನೂರಿಪ್ಪತ್ತು ವರ್ಷಗಳ ಅನಂತರ ಹೆಣ್ಣುಮಕ್ಕಳ ಅಕ್ಷರಾಭ್ಯಾಸಕ್ಕೆ ಸಂದಿತು. ಅರ್ಹತೆಯ ಪಟ್ಟಿ ಇಷ್ಟು ದೂರ ಸಾಗಿದ ನಿದರ್ಶನಗಳು ಭಾರತದ ಶಿಕ್ಷಣದ ಇತಿಹಾಸದಲ್ಲಿ ಹೆಚ್ಚಿಲ್ಲ.

ಈ ಪ್ರಗತಿಯ ಮಹತ್ತ್ವವನ್ನು ಕಡಿಮೆ ಮಾಡದೆ ಕನ್ನಡದ ಕಡೆಯಿಂದ ಒಂದು ಮಾತನ್ನು ಹೇಳಬೇಕಾಗಿದೆ. 1851ರವರೆಗೆ ಎರಡು ದೇಶಭಾಷೆಗಳೂ ಒಟ್ಟಿಗೆ ಹೊರಗಿದ್ದವು. ಆ ವರ್ಷ ಒಂದು ಒಳಗೆ ಬಂದಿತು. ಮರಾಠಿಯಲ್ಲಿ ಗ್ರಂಥ ಬರೆದವನು, ಅನುವಾದ ಮಾಡಿದವನು ಸರ್ಕಾರದ ಬಹುಮಾನಕ್ಕೆ ಅರ್ಹನಾದನು. ಪೇಶ್ವೆಯ ರಾಜ್ಯದಲ್ಲಿಯೇ ಇದ್ದ, ಮುಂದೆ ಮುಂಬಯಿ ಪ್ರಾಂತಕ್ಕೆ ಸೇರಿದ ಧಾರವಾಡ ಸೀಮೆಯ ಭಾಷೆಯನ್ನು ಕುರಿತು ಆ ಅರ್ಜಿ ಚಿಂತಿಸಲಿಲ್ಲ. ಇದರಲ್ಲಿ ದ್ವೇಷವನ್ನು ಹುಡುಕುವುದು ಉಚಿತವಲ್ಲ. ಪುಣೆಯ ತರುಣರು ತಮ್ಮ ಭಾಷೆಗಾಗಿ ಕೇಳಿದರು, ಪಡೆದರು. ಕನ್ನಡ ಜಿಲ್ಲೆಗಳಲ್ಲಿ ಹಾಗೆ ಕೇಳಬಲ್ಲ ವಿದ್ಯಾವಂತರ ವರ್ಗ ಆಗಿನ್ನೂ ರೂಪುಗೊಂಡಿರಲಿಲ್ಲ. ಆ ಜಿಲ್ಲೆಗಳನ್ನು ಆಳುವವರು ‘ದಕ್ಷಿಣ ಮರಾಠಾ ದೇಶ’ ಎಂದು ಕರೆಯುತ್ತಿದ್ದರು. ಅಲ್ಲಿ ಕನ್ನಡ ಶಾಲೆಗಳು ಬೇಕೆಂಬುದನ್ನು ಮನಗಾಣಿಸಲು 1830ರ ದಶಕದಲ್ಲಿ ವಾಲ್ಟರ್ ಎಲಿಯಟ್‌ನಂತಹ ಅಧಿಕಾರಿಗಳು ಶ್ರಮಪಡಬೇಕಾಯಿತು. ನೆಲದ ಹೆಸರೇ ಭಾಷೆಯನ್ನು ಮರೆಮಾಡಿರುವಾಗ ನಿಧಿಯ ನಿಯಮ ಅದನ್ನು ನೆನೆಯಲಿಲ್ಲವೆಂಬುದು ಆಶ್ಚರ್ಯದ ಸಂಗತಿಯಲ್ಲ.

5

1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದೇ ದಶಕದ ಕೊನೆಯಲ್ಲಿ ದಕ್ಷಿಣಾ ನಿಧಿಯ ಇನ್ನೊಂದು ಭಾಗದಿಂದ ಫೆಲೋಷಿಪ್‌ಗಳನ್ನು ಏರ್ಪಡಿಸಲಾಯಿತು. ಪ್ರತಿಭಾವಂತ ತರುಣರು ತಮ್ಮ ಅಧ್ಯಯನವನ್ನು ಮುಂದುವರಿಸುತ್ತ, ಕೆಳಗಿನ ತರಗತಿಗಳಿಗೆ ಪಾಠ ಹೇಳುತ್ತ, ವೇತನ ಪಡೆಯುವ ವ್ಯವಸ್ಥೆಯಿದು. ಮಹಾದೇವ ಗೋವಿಂದ ರಾನಡೆ ಮತ್ತು ರಾಮಕೃಷ್ಣ ಗೋಪಾಲ ಭಾಂಡಾರಕರ್ ಇಬ್ಬರೂ ಈ ವೇತನವನ್ನು ಪಡೆದವರು. ಭಾಂಡಾರಕರರು 1884ರಲ್ಲಿ ಪ್ರಕಟಿಸಿದ ದಖ್ಖನಿನ ಪ್ರಾಚೀನ ಇತಿಹಾಸದಲ್ಲಿ ಬಾದಾಮಿಯ ಚಾಲುಕ್ಯರಿಗೂ ರಾಷ್ಟ್ರಕೂಟರಿಗೂ ವಿಸ್ತಾರವಾದ ಸ್ಥಾನ ದೊರೆಯಿತು. ಕರ್ನಾಟಕದ ಇತಿಹಾಸಕ್ಕೆ ದಕ್ಷಿಣಾ ನಿಧಿಯಿಂದ ಈ ಬಗೆಯ ಪರೋಕ್ಷ ಪ್ರಯೋಜನ ಉಂಟಾದುದನ್ನು ಅಲ್ಲಗಳೆಯಲಾಗದು.

ಆದರೆ ಫೆಲೋಷಿಪ್ಪಿನ ಬಾಗಿಲಿಗೆ ಹೋಗುವ ದಾರಿ ವಿಶ್ವವಿದ್ಯಾಲಯದ ಪರೀಕ್ಷೆಗಳ ಮೂಲಕವೇ ಇತ್ತು. 1860ರ ದಶಕದಲ್ಲಿ ಮುಂಬಯಿ ವಿಶ್ವವಿದ್ಯಾಲಯ ಪ್ರವೇಶಪರೀಕ್ಷೆಯಿಂದ ಮೇಲಿನ ಪರೀಕ್ಷೆಗಳಲ್ಲಿ ದೇಶಭಾಷೆಗಳನ್ನು ತೆಗೆದುಹಾಕಿ, ಅವುಗಳ ಜಾಗದಲ್ಲಿ ಸಂಸ್ಕೃತವೇ ಮೊದಲಾದ ಅಭಿಜಾತ ಭಾಷೆಗಳನ್ನು ಮಾತ್ರ ಉಳಿಸಿಕೊಂಡಿತು. ಸರ್ ಅಲೆಕ್ಸಾಂಡರ್ ಗ್ರಾಂಟ್ ಅವರ ಕಾಲದ ಈ ಬದಲಾವಣೆಯಿಂದ ಮರಾಠಿಗೂ ಪೆಟ್ಟು ಬಿದ್ದಿತು. ಮರಾಠಿಗೆ ಪುಣೆಯ ಬಹುಮಾನ ಸಮಿತಿಯಾದರೂ ಹೊರಗಿನ ಆಸರೆಯಾಗಿತ್ತು. ಕನ್ನಡಕ್ಕೆ ಅಂತಹ ಆಸರೆ ಇರಲಿಲ್ಲ.

ಮುಂಬಯಿ ಕರ್ನಾಟಕದ ವಿದ್ಯಾರ್ಥಿಯ ಪರಿಸ್ಥಿತಿಯನ್ನು ಇಲ್ಲಿ ಸ್ಪಷ್ಟಪಡಿಸಬೇಕು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಸ್ಥಾಪನೆಯಾಗುವವರೆಗೆ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳ ತರುಣರು ಪದವಿಗಾಗಿ ಬಹುಮಟ್ಟಿಗೆ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಪೂನಾ ಕಾಲೇಜು 1864ರಲ್ಲಿ ಡೆಕ್ಕನ್ ಕಾಲೇಜು ಎಂಬ ಹೆಸರನ್ನು ಪಡೆದು, 1868ರಲ್ಲಿ ಯರವಡೆಯ ಹೊಸ ಕಟ್ಟಡಕ್ಕೆ ಹೋಯಿತು. 1885ರಲ್ಲಿ ಫರ್ಗ್ಯುಸನ್ ಕಾಲೇಜು ಆರಂಭವಾಯಿತು. ಕರ್ನಾಟಕ ಏಕೀಕರಣದ ಕುಲಪುರೋಹಿತರೆಂದು ಹೆಸರಾದ ಆಲೂರ ವೆಂಕಟರಾಯರು ಓದಿದ್ದು ಫರ್ಗ್ಯುಸನ್ನಿನಲ್ಲಿ. ಜಮಖಂಡಿಯಲ್ಲಿ ಜನಿಸಿದ ತತ್ತ್ವಜ್ಞಾನಿ ರಾ. ದ. ರಾನಡೆಯವರು ಓದಿದ್ದು ಡೆಕ್ಕನ್ ಕಾಲೇಜಿನಲ್ಲಿ. ಇವರು 1902ರ ಮೆಟ್ರಿಕ್ಯುಲೇಶನ್‌ನಲ್ಲಿ ಪಡೆದ ಜಗನ್ನಾಥ ಶಂಕರಶೇಟ ವಿದ್ಯಾರ್ಥಿವೇತನ ಸಂಸ್ಕೃತದ ಪ್ರಾವೀಣ್ಯಕ್ಕೆ ಮೀಸಲಾದುದು. ಅದು ಖಾಸಗಿ ದತ್ತಿ. ಆದರೂ ಸರ್ಕಾರದ ನಿಧಿಗಳು ಹಾಕಿಕೊಟ್ಟ ಮೇಲ್ಪಂಕ್ತಿಯನ್ನೇ ಅದು ಅನುಸರಿಸಿತ್ತು. ಕನ್ನಡ ನಾಡಿನ ಬುದ್ಧಿವಂತ ಹುಡುಗನಿಗೆ ಹಣ ಬರುವ ದಾರಿ ಸಂಸ್ಕೃತದ ಮೂಲಕ, ಇಂಗ್ಲಿಷಿನ ಮೂಲಕ, ಗಣಿತದ ಮೂಲಕ ಇತ್ತು. ಕನ್ನಡದ ಮೂಲಕ ಇರಲಿಲ್ಲ. ಬಡವನಾದ ವಿದ್ಯಾರ್ಥಿ ಯಾವ ವಿಷಯವನ್ನು ಆರಿಸಿಕೊಳ್ಳುತ್ತಾನೆಂಬುದನ್ನು ಅವನ ಅಭಿರುಚಿಗಿಂತ ಈ ದಾರಿಗಳೇ ನಿಶ್ಚಯಿಸುತ್ತಿದ್ದವು.

6

ಇದೇ ಅವಧಿಯಲ್ಲಿ ಪುಣೆಯ ಇನ್ನೊಂದು ಸಂಸ್ಥೆಯಲ್ಲಿ ಅರ್ಹತೆಯ ಬೇರೊಂದು ಕಲ್ಪನೆ ಬೆಳೆಯುತ್ತಿತ್ತು. ಲೋಕೋಪಯೋಗಿ ಇಲಾಖೆಗೆ ಕೆಳದರ್ಜೆಯ ನೌಕರರನ್ನು ತರಬೇತುಗೊಳಿಸಲು 1854ರಲ್ಲಿ ತೆರೆದ ಇಂಜಿನಿಯರಿಂಗ್ ತರಗತಿ 1860ರ ದಶಕದಲ್ಲಿ ವಿಶ್ವವಿದ್ಯಾಲಯಕ್ಕೆ ಸೇರಿತು. ಅರಣ್ಯ ಮತ್ತು ಕೃಷಿ ತರಗತಿಗಳು ಕೂಡಿಕೊಂಡ ಮೇಲೆ 1879ರಲ್ಲಿ ಅದಕ್ಕೆ ‘ಕಾಲೇಜ್ ಆಫ್ ಸೈನ್ಸ್’ ಎಂಬ ಹೆಸರಾಯಿತು. 1911ರಲ್ಲಿ ಇಂಜಿನಿಯರಿಂಗ್ ಕಾಲೇಜು ಎಂದು ಪುನಃ ಹೆಸರು ಬದಲಾಯಿತು. ಇಲ್ಲಿ ನೆರವಿನ ಆಧಾರ ಶಾಸ್ತ್ರಪಾಂಡಿತ್ಯವೂ ಅಲ್ಲ, ಗ್ರಂಥರಚನೆಯೂ ಅಲ್ಲ. ಸರ್ಕಾರಕ್ಕೆ ಬೇಕಾದ ಉದ್ಯೋಗ. ಕೊನೆಯ ಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದವರಿಗೆ ಮುಂಬಯಿ ಸರ್ಕಾರ ತನ್ನ ಇಲಾಖೆಯಲ್ಲಿ ಹುದ್ದೆಯ ಭರವಸೆ ಕೊಡುತ್ತಿತ್ತು.

ಈ ಹೊಸ ಅರ್ಹತೆಯ ಅತ್ಯಂತ ಪ್ರಸಿದ್ಧ ಫಲಾನುಭವಿ ಕನ್ನಡ ನಾಡಿನಿಂದ ಬಂದವರೇ. ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಬಿ.ಎ. ಮುಗಿಸಿದರು. ಆ ವರ್ಷವೇ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿ, ರಂಗಾಚಾರ್ಲು ದಿವಾನರಾಗಿದ್ದರು. ಮೈಸೂರು ಸರ್ಕಾರ ಕೊಟ್ಟ ವಿದ್ಯಾರ್ಥಿವೇತನದಿಂದ ವಿಶ್ವೇಶ್ವರಯ್ಯನವರು ಪುಣೆಯ ಈ ಕಾಲೇಜನ್ನು ಸೇರಿ, 1883ರ ಎಲ್.ಸಿ.ಇ. ಪರೀಕ್ಷೆಯಲ್ಲಿ ಪ್ರಥಮರಾಗಿ ಜೇಮ್ಸ್ ಬರ್ಕ್ಲಿ ಬಹುಮಾನ ಪಡೆದರು. 1884ರಲ್ಲಿ ಮುಂಬಯಿ ಸರ್ಕಾರ ಅವರನ್ನು ಅಸಿಸ್ಟೆಂಟ್ ಇಂಜಿನಿಯರ್ ಆಗಿ ನೇಮಿಸಿತು.

ಈ ಪ್ರಕರಣದಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಮೈಸೂರಿನ ಹಣ ಒಂದು ಗೊತ್ತಾದ ಅಧ್ಯಯನಕ್ರಮಕ್ಕೆ, ಸಂಸ್ಥಾನದ ಹೊರಗಿನ ಒಂದು ಗೊತ್ತಾದ ಕಾಲೇಜಿಗೆ ಅಂಟಿಕೊಂಡಿತ್ತು; ಆ ಅಧ್ಯಯನಕ್ರಮ ಇಲ್ಲದಿದ್ದರೆ ಬಡ ಪದವೀಧರನೊಬ್ಬನಿಗೆ ಮುಂದಿನ ಓದು ಸಾಧ್ಯವಾಗುತ್ತಿತ್ತೆಂದು ಹೇಳುವಂತಿಲ್ಲ. ಎರಡನೆಯದಾಗಿ, ಹಣ ಕೊಟ್ಟದ್ದು ಮೈಸೂರು, ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಸೇವೆಯನ್ನು ಪಡೆದದ್ದು ಮುಂಬಯಿ. ಪುಣೆಗೆ ನೀರೊದಗಿಸುವ ಖಡಕ್‌ವಾಸ್ಲಾ ಕೆರೆಗೆ ಸ್ವಯಂಚಾಲಿತ ಬಾಗಿಲುಗಳನ್ನು ಅವರು ಅಳವಡಿಸಿದ್ದು ಆ ಸೇವೆಯ ಕಾಲದಲ್ಲಿ. 1909ರಲ್ಲಿ ಅವರು ಮುಖ್ಯ ಇಂಜಿನಿಯರಾಗಿ ಮೈಸೂರಿಗೆ ಮರಳಿ, 1912ರಿಂದ 1918ರವರೆಗೆ ದಿವಾನರಾಗಿದ್ದರು. ಅವರ ದಿವಾನಗಿರಿಯ ಕಾಲದಲ್ಲಿ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಹುಟ್ಟಿದವು. ಪುಣೆಯಲ್ಲಿ ತಾಂತ್ರಿಕ ವಿದ್ಯೆಗೆ ಸಂದ ನೆರವು ಬಹಳ ಸುತ್ತುದಾರಿ ಹಿಡಿದು ಕನ್ನಡಕ್ಕೂ ಬಂದು ಮುಟ್ಟಿತೆನ್ನಬಹುದು. ಆದರೆ ಸುತ್ತುದಾರಿಯಿಂದ ಬಂದ ಫಲವನ್ನು ನೇರವಾಗಿ ಕೊಟ್ಟ ನೆರವಿನೊಡನೆ ಸಮವೆಂದು ಎಣಿಸಲಾಗದು.

7

1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಫುಲೆಯವರು ಪುಣೆಯಿಂದ ಸಲ್ಲಿಸಿದ ನಿವೇದನೆ ಈ ಚರ್ಚೆಯಲ್ಲಿ ಮೂಲಭೂತವಾದುದು. ಸರ್ಕಾರದ ಆದಾಯ ಬಹುಪಾಲು ರೈತರ ದುಡಿಮೆಯಿಂದ ಬರುತ್ತದೆ, ಅದರ ಪ್ರಯೋಜನ ಮೇಲ್ವರ್ಗದ ಉನ್ನತ ಶಿಕ್ಷಣಕ್ಕೆ ಹೋಗುತ್ತದೆ ಎಂಬುದು ಅವರ ಆಕ್ಷೇಪ. ವಿದ್ಯಾರ್ಥಿವೇತನವನ್ನು ಬರಿಯ ಸ್ಪರ್ಧೆಯಿಂದ ಹಂಚುವ ಕ್ರಮ ಮೇಲುನೋಟಕ್ಕೆ ನ್ಯಾಯವಾಗಿ ಕಂಡರೂ ಅದರಿಂದ ಕೆಳವರ್ಗಗಳಲ್ಲಿ ವಿದ್ಯೆ ಹರಡುವುದಿಲ್ಲ. ಆದುದರಿಂದ ವಿದ್ಯೆ ತಲಪದ ವರ್ಗಗಳಿಗೆ ಕೆಲವು ವೇತನಗಳನ್ನು ಮೀಸಲಿಡಬೇಕು ಎಂದು ಅವರು ಸೂಚಿಸಿದರು. ಪುಣೆಯ ಅರ್ಹತಾಪಟ್ಟಿಗಳ ಚರಿತ್ರೆಯಲ್ಲಿ ‘ಯೋಗ್ಯತೆ’ ಎಂಬ ಅಳತೆಗೋಲನ್ನೇ ಪ್ರಶ್ನಿಸಿದ ದಾಖಲೆಗಳಲ್ಲಿ ಇದು ಅತ್ಯಂತ ಸ್ಪಷ್ಟವಾದುದು.

ಇದರ ಮರುವರ್ಷವೇ, 1883ರಲ್ಲಿ, ಧಾರವಾಡದಲ್ಲಿ ಗಿಲಗಂಚಿ ಗುರುಸಿದ್ದಪ್ಪ, ಅರಟಾಳ ರುದ್ರಗೌಡ ಮೊದಲಾದವರ ಪ್ರಯತ್ನದಿಂದ ಲಿಂಗಾಯತ ವಿದ್ಯಾರ್ಥಿಗಳಿಗೆ ಉನ್ನತ ವ್ಯಾಸಂಗಕ್ಕಾಗಿ ನೆರವು ನೀಡುವ ಸಂಸ್ಥೆ ಸ್ಥಾಪಿತವಾಯಿತು. ಇವೆರಡರ ನಡುವೆ ನೇರ ಸಂಬಂಧವನ್ನು ಕಲ್ಪಿಸುವುದು ಅಗತ್ಯವಿಲ್ಲ. ಸರ್ಕಾರದ ಪಟ್ಟಿಯ ಹೊರಗೆ ಉಳಿದವರು ತಮ್ಮ ನಿಧಿಯನ್ನು ತಾವೇ ಕೂಡಿಸಿಕೊಳ್ಳಬೇಕಾದ ಕಾಲ ಬಂದಿತ್ತೆಂಬುದು ಎರಡರಿಂದಲೂ ವ್ಯಕ್ತವಾಗುತ್ತದೆ.

ಭಾಷೆಯ ವಿಷಯದಲ್ಲಿಯೂ ಹೀಗೆಯೇ ಆಯಿತು. 1890ರ ಜುಲೈ 20ರಂದು ರಾ. ಹ. ದೇಶಪಾಂಡೆಯವರ ನೇತೃತ್ವದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು. ಕನ್ನಡದಲ್ಲಿ ಗ್ರಂಥಗಳನ್ನು ಬರೆಯಿಸುವುದು, ಬರೆದವರಿಗೆ ಪ್ರೋತ್ಸಾಹ ಕೊಡುವುದು, ಪ್ರಕಟಿಸುವುದು ಅದರ ಮುಖ್ಯ ಕಾರ್ಯಗಳು. 1896ರಿಂದ ‘ವಾಗ್ಭೂಷಣ’ ಪತ್ರಿಕೆಯೂ ಹೊರಡತೊಡಗಿತು. ದಕ್ಷಿಣಾ ಬಹುಮಾನ ಸಮಿತಿ ಪುಣೆಯಲ್ಲಿ ಮರಾಠಿಗಾಗಿ ಸರ್ಕಾರದ ಹಣದಿಂದ ಮಾಡುತ್ತಿದ್ದ ಕೆಲಸಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಹೋಲಿಕೆ ಎದ್ದು ಕಾಣುತ್ತದೆ. ಎರಡಕ್ಕೂ ನಡುವೆ ಮೂವತ್ತೊಂಬತ್ತು ವರ್ಷಗಳ ಅಂತರವಿದೆ. ಮುಂಬಯಿ ಕರ್ನಾಟಕದ ಶಾಸ್ತ್ರಗದ್ಯ ಮರಾಠಿಯ ಶಾಸ್ತ್ರಗದ್ಯಕ್ಕಿಂತ ತಡವಾಗಿ ಬಲಗೊಂಡಿತೆಂಬ ಸಾಮಾನ್ಯ ಹೇಳಿಕೆಯನ್ನು ವಿವರಿಸುವಾಗ ಪ್ರತಿಭೆಯ ಕೊರತೆಯನ್ನೋ ಅಭಿಮಾನದ ಕೊರತೆಯನ್ನೋ ಮುಂದೊಡ್ಡುವುದಕ್ಕೆ ಮೊದಲು ಈ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

8

ಪರೀಕ್ಷೆಯ ಪಟ್ಟಿಗೆ ಕನ್ನಡ ಮರಳಿ ಬಂದುದರಲ್ಲಿ ಪುಣೆಯ ಪಾತ್ರವೇ ದೊಡ್ಡದೆಂಬುದು ಈ ಚರಿತ್ರೆಯ ಇನ್ನೊಂದು ಮುಖ. ವಿಶ್ವವಿದ್ಯಾಲಯದ ಪರೀಕ್ಷೆಗಳಲ್ಲಿ ದೇಶಭಾಷೆಗಳಿಗೆ ಮತ್ತೆ ಸ್ಥಾನ ದೊರೆಯಬೇಕೆಂದು ನ್ಯಾಯಮೂರ್ತಿ ರಾನಡೆಯವರು ವರ್ಷಗಟ್ಟಲೆ ವಾದಿಸಿದರು. ಅವರ ಜೀವಿತದ ಕೊನೆಯ ದಿನಗಳಲ್ಲಿ ಆ ಪ್ರಯತ್ನ ಫಲಿಸಿ, ಎಂ.ಎ. ಪರೀಕ್ಷೆಯಲ್ಲಿ ಮರಾಠಿ, ಗುಜರಾತಿಗಳೊಡನೆ ಕನ್ನಡಕ್ಕೂ ಅವಕಾಶವಾಯಿತು. 1849ರ ಅರ್ಜಿ ಮರಾಠಿಯೊಂದಕ್ಕಾಗಿ ಕೇಳಿತ್ತು. ಐವತ್ತು ವರ್ಷಗಳ ಮೇಲೆ, ದಕ್ಷಿಣಾ ಫೆಲೋ ಆಗಿ ವಿದ್ಯಾಜೀವನ ಆರಂಭಿಸಿದ ರಾನಡೆಯವರ ವಾದದಿಂದ ಕನ್ನಡಕ್ಕೂ ಬಾಗಿಲು ತೆರೆಯಿತು. 1901ರ ಜನವರಿ 16ರಂದು ಅವರು ತೀರಿಕೊಂಡರು.

ಪಟ್ಟಿಯಲ್ಲಿ ಹೆಸರಿಲ್ಲದಿದ್ದ ಕಾಲದಲ್ಲಿಯೂ ಕನ್ನಡದ ಶೋಧ ಪುಣೆಯಲ್ಲಿ ಸಂಪೂರ್ಣವಾಗಿ ನಿಂತಿರಲಿಲ್ಲ ಎಂಬುದಕ್ಕೆ ಕೆ. ಬಿ. ಪಾಠಕರು ಸಾಕ್ಷಿ. ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದ ಅವರು ಕನ್ನಡದ ಶಾಸನಗಳನ್ನೂ ಜೈನ ಗ್ರಂಥಗಳನ್ನೂ ಆಳವಾಗಿ ಬಲ್ಲವರಾಗಿದ್ದರು. ಕನ್ನಡದ ಉಪಲಬ್ಧ ಕೃತಿಗಳಲ್ಲಿ ಪ್ರಾಚೀನತಮವಾದ ‘ಕವಿರಾಜಮಾರ್ಗ’ದ ಮೊದಲ ಮುದ್ರಿತ ಆವೃತ್ತಿ 1898ರಲ್ಲಿ ಅವರ ಸಂಪಾದಕತ್ವದಲ್ಲಿ ಹೊರಬಂದಿತು. ಅದನ್ನು ಪ್ರಕಟಿಸಿದ್ದು ಬಿ. ಎಲ್. ರೈಸ್ ಅವರ ನೇತೃತ್ವದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆ, ಅಂದರೆ ಮೈಸೂರು. ಸಂಬಳ ಸಂಸ್ಕೃತಕ್ಕೆ, ಶ್ರಮ ಕನ್ನಡಕ್ಕೆ, ಪ್ರಕಟಣೆಯ ಹಣ ಬೇರೊಂದು ರಾಜ್ಯದ್ದು: ಮುಂಬಯಿ ಪ್ರಾಂತದಲ್ಲಿ ಕನ್ನಡ ವಿದ್ವತ್ತು ಬದುಕಿದ ಬಗೆಯನ್ನು ಈ ಒಂದು ಗ್ರಂಥದ ಚರಿತ್ರೆಯೇ ತಿಳಿಸುತ್ತದೆ.

1934ರಲ್ಲಿ ಮುಚ್ಚಿದ್ದ ಡೆಕ್ಕನ್ ಕಾಲೇಜು 1939ರಲ್ಲಿ ಸ್ನಾತಕೋತ್ತರ ಸಂಶೋಧನ ಸಂಸ್ಥೆಯಾಗಿ ಮತ್ತೆ ತೆರೆದ ಮೇಲೆ ಈ ಸ್ಥಿತಿ ಬೇರೊಂದು ರೀತಿಯಲ್ಲಿ ಬದಲಾಯಿತು. ಭಾಷಾವಿಜ್ಞಾನವೆಂಬ ಹೊಸ ಶಾಸ್ತ್ರಕ್ಕೆ ನೆರವು ದೊರೆಯತೊಡಗಿದಾಗ ಭಾಷೆಗಳ ನಡುವಿನ ಹಳೆಯ ಮೇಲುಕೀಳುಗಳು ಸಡಿಲಗೊಂಡವು. ಶಾಸ್ತ್ರಕ್ಕೆ ಹಣ ಸಿಕ್ಕಿದ್ದರಿಂದ ಯಾವ ನುಡಿಯೂ ಅಧ್ಯಯನಕ್ಕೆ ಅರ್ಹವಾಯಿತು. ಎಚ್. ಎಸ್. ಬಿಳಿಗಿರಿಯವರ ಖಾಡಿಯಾ ಭಾಷೆಯ ಅಧ್ಯಯನ 1965ರಲ್ಲಿ ಇಲ್ಲಿಂದ ಪ್ರಕಟವಾಯಿತು. ಹಾಲಕ್ಕಿ ಕನ್ನಡ, ನಂಜನಗೂಡು ಕನ್ನಡ, ಗುಲಬರ್ಗಾ ಕನ್ನಡ ಎಂಬ ಉಪಭಾಷಾ ವಿವರಣೆಗಳು 1967–68ರಲ್ಲಿ ಇಲ್ಲಿಂದಲೇ ಹೊರಬಂದವು. ಶಾಸ್ತ್ರಿಗಳ ಪರೀಕ್ಷೆಯಿಂದ ಹುಟ್ಟಿದ ಸಂಸ್ಥೆಯೊಂದು ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಆಡುಮಾತನ್ನು ವ್ಯಾಕರಣಕ್ಕೆ ಯೋಗ್ಯವೆಂದು ಒಪ್ಪಿಕೊಳ್ಳಲು ಸುಮಾರು ಒಂದೂವರೆ ಶತಮಾನ ಹಿಡಿಯಿತು.

9

ಮೇಲಿನ ವಿವರಗಳಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಒಂದನೆಯದು, ಪುಣೆಯ ಅರ್ಹತಾಪಟ್ಟಿಗಳು ಜನ್ಮ, ವಿಷಯ, ಭಾಷೆ, ಉದ್ಯೋಗ ಎಂಬ ನಾಲ್ಕು ಅಳತೆಗಳನ್ನು ಕಾಲಾನುಕ್ರಮದಲ್ಲಿ ಬಳಸಿಕೊಂಡವು. ಹೊಸ ಅಳತೆ ಬಂದಾಗ ಹಳೆಯದು ಪೂರ್ತಿಯಾಗಿ ಹೋಗಲಿಲ್ಲ, ಅದರ ಕೆಳಗೆ ಉಳಿದುಕೊಂಡಿತು. ಎರಡನೆಯದು, ಪಟ್ಟಿ ತನ್ನಷ್ಟಕ್ಕೆ ಬದಲಾಗಲಿಲ್ಲ. 1849ರ ಅರ್ಜಿ, 1882ರ ನಿವೇದನೆ, ರಾನಡೆಯವರ ವಾದ ಹೀಗೆ ಪ್ರತಿ ಬಾರಿಯೂ ಯಾರಾದರೂ ಕೇಳಿದ ಮೇಲೆಯೇ ಬದಲಾಯಿತು. ಕೇಳುವವರಿಲ್ಲದ ಭಾಷೆ ಹೊರಗೆ ಉಳಿಯಿತು. ಮೂರನೆಯದು, ಹೊರಗುಳಿಯುವಿಕೆಯೂ ಒಂದು ಚಾರಿತ್ರಿಕ ಶಕ್ತಿಯಾಗಿ ಕೆಲಸ ಮಾಡಿತು. ಸರ್ಕಾರದ ಬಹುಮಾನ ಸಮಿತಿ ಕನ್ನಡಕ್ಕೂ ಇದ್ದಿದ್ದರೆ ಧಾರವಾಡದ ಸಂಘ ಅಷ್ಟು ತೀವ್ರವಾದ ಸ್ವಾವಲಂಬನೆಯನ್ನು ಬೆಳೆಸಿಕೊಳ್ಳುತ್ತಿತ್ತೇ ಎಂಬುದು ವಿಚಾರಣೀಯ.

ಈ ಚರ್ಚೆ ಗತಕಾಲಕ್ಕೆ ಮಾತ್ರ ಸೇರಿದ್ದಲ್ಲ. 2008ರಲ್ಲಿ ಕೇಂದ್ರ ಸರ್ಕಾರ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನವನ್ನು ಕೊಟ್ಟಿತು. ಮರಾಠಿಗೆ ಅದು ದೊರೆತದ್ದು 2024ರಲ್ಲಿ. 1851ರಲ್ಲಿ ಒಳಗೆ ಹೋದ ಭಾಷೆ ಈ ಸಲ ಹೊರಗೆ ಕಾಯಬೇಕಾಯಿತು. ಶಾಸ್ತ್ರೀಯತೆಯೂ ಒಂದು ಅರ್ಹತಾಪಟ್ಟಿಯೇ. ಪ್ರಾಚೀನತೆಯನ್ನು ಅಳತೆಗೋಲಾಗಿ ಹಿಡಿದ ಈ ಪಟ್ಟಿ ಹಳಗನ್ನಡದ ಅಧ್ಯಯನಕ್ಕೆ ಬಲ ಕೊಡಬಲ್ಲದು. ಅದರ ಪಕ್ಕದಲ್ಲಿ ತುಳು, ಕೊಡವ, ಬಡಗ ಮೊದಲಾದ ನುಡಿಗಳ ಅಧ್ಯಯನಕ್ಕೆ ಏನು ದೊರೆಯುತ್ತದೆಂದು ಕೇಳುವ ಹೊಣೆ ಕನ್ನಡದ ಸಂಶೋಧಕರ ಮೇಲೆಯೇ ಇದೆ. ಏಕೆಂದರೆ ಪಟ್ಟಿಯ ಹೊರಗೆ ನಿಂತ ಅನುಭವ ಕನ್ನಡಕ್ಕೆ ಇದೆ.

ಪುಣೆಯ ಮತ್ತು ಮುಂಬಯಿಯ ಪತ್ರಾಗಾರಗಳಲ್ಲಿರುವ ದಕ್ಷಿಣೆಯ ದಾಖಲೆಗಳನ್ನು ಮರಾಠಿ ವಿದ್ವಾಂಸರು ತಮ್ಮ ಅಗತ್ಯಗಳಿಗೆ ತಕ್ಕಂತೆ ಬಳಸಿಕೊಂಡಿದ್ದಾರೆ. ಕರ್ನಾಟಕದಿಂದ ಬಂದ ಶಾಸ್ತ್ರಿಗಳ ಊರು, ಶಾಖೆ, ಪರೀಕ್ಷಿತರಾದ ವಿಷಯ ಇವುಗಳನ್ನು ಆ ದಾಖಲೆಗಳಿಂದ ಪ್ರತ್ಯೇಕಿಸಿ ನೋಡಿದಲ್ಲಿ ಹದಿನೆಂಟನೆಯ ಶತಮಾನದ ಕನ್ನಡ ನಾಡಿನ ವಿದ್ಯಾಕೇಂದ್ರಗಳ ನಕ್ಷೆಯನ್ನು ಬಿಡಿಸಲು ಸಾಧ್ಯವಾದೀತು. ಕರ್ನಾಟಕದ ಹೊರಗೆ, ಅದರಲ್ಲಿಯೂ ಮಹಾರಾಷ್ಟ್ರದಲ್ಲಿ, ಕೆಲಸ ಮಾಡುತ್ತಿರುವ ಕನ್ನಡ ಸಂಶೋಧಕರಿಗೆ ಈ ದಾಖಲೆಗಳು ಹತ್ತಿರದಲ್ಲಿವೆ. ಮರಾಠಿ, ಮೋಡಿ, ಸಂಸ್ಕೃತ, ಕನ್ನಡ ನಾಲ್ಕನ್ನೂ ಕೂಡಿಸಿಕೊಂಡು ಮಾಡಬೇಕಾದ ಈ ಕೆಲಸಕ್ಕೆ ಅವರು ಕೈಹಾಕಬೇಕು.